ಬಸ್ಸಿನಲ್ಲಿ ಸವೆಯುವ ಆಯುಷ್ಯ

‘ಜಂಗಮ’ ಎಂಬ ಶಬ್ದಕ್ಕೆ ಚಲಿಸುವದು ಎಂಬುದೇ ಮೂಲಾರ್ಥ. ವಿರಕ್ತರನ್ನು ಚರಮೂರ್ತಿಗಳೆಂದು ಕರೆಯುವ ವಾಡಿಕೆಯೂ ಈ ಅರ್ಥದಿಂದಲೇ ಬೆಳೆದುಬಂದಿದೆ. ಊರಿಂದೂರಿಗೆ ನಡೆದು, ಭಕ್ತರ ಮನೆಯ ಕಷ್ಟಸುಖಗಳನ್ನು ಕಣ್ಣಾರೆ ಕಂಡು, ಉಂಡ ಮನೆಗೆ ಎರಡು ಒಳ್ಳೆಯ ಮಾತುಗಳನ್ನು ಉಳಿಸಿ ಮುಂದಿನ ಊರಿಗೆ ಸಾಗುವದು ಹಿಂದಿನ ಚರಮೂರ್ತಿಗಳ ಜೀವನಕ್ರಮವಾಗಿತ್ತು. ಇಂದು ಮಠಾಧಿಪತಿಗಳ ಸಂಚಾರ ಬಹುಮಟ್ಟಿಗೆ ಮೋಟಾರುಗಳಲ್ಲಿ ನಡೆಯುತ್ತದೆ. ಅದರಿಂದ ಕಾಲ ಉಳಿಯುವದು ನಿಜ. ಆದರೆ ಮುಚ್ಚಿದ ಗಾಜಿನ ಆಚೆ ರಸ್ತೆ ಕಾಣುವಷ್ಟು ಸ್ಪಷ್ಟವಾಗಿ ರಸ್ತೆಯ ಬದಿಯಲ್ಲಿ ನಿಂತ ಮನುಷ್ಯ ಕಾಣುವದಿಲ್ಲ.

ಕಳೆದ ವರುಷ ನಮಗೆ ಸುಮಾರು ಹತ್ತು ತಿಂಗಳ ಕಾಲ ವಾರಕ್ಕೆ ಮೂರು ದಿನ ಧಾರವಾಡಕ್ಕೆ ಹೋಗಿ ಬರುವ ಪ್ರಸಂಗ ಒದಗಿತು. ಮಠದಲ್ಲಿ ದೊರೆತ ಒಂದು ಹಳೆಯ ಓಲೆಗರಿಯ ಕಟ್ಟನ್ನು ಅಲ್ಲಿಯ ವಿದ್ವಾಂಸರೊಡನೆ ಕುಳಿತು ಓದಿ, ಪಾಠವನ್ನು ನಿರ್ಣಯಿಸುವ ಕಾರ್ಯವದು. ಮಠದ ಒಂದೇ ವಾಹನವನ್ನು ಶಾಲೆಯ ಮಕ್ಕಳ ಸಲುವಾಗಿ ಬಿಟ್ಟುಕೊಟ್ಟಿದ್ದುದರಿಂದ ನಾವು ಬಸ್ಸನ್ನೇ ಹಿಡಿದೆವು. ನವಲಗುಂದ ತಾಲೂಕಿನ ನಮ್ಮ ಹಳ್ಳಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯನ್ನು ಆದ್ಯಂತವಾಗಿ ಹಾಯ್ದು ಧಾರವಾಡ, ಸಂಜೆಗೆ ಮರಳಿ ಅದೇ ದಾರಿ. ಓಲೆಗರಿಯಲ್ಲಿ ಕಲಿತದ್ದನ್ನು ಬೇರೆ ಕಡೆ ಬರೆಯುವೆವು. ಬಸ್ಸಿನಲ್ಲಿ ಕಲಿತದ್ದನ್ನು ಈ ಪತ್ರಿಕೆಯ ವಾಚಕರ ಮುಂದಿಡುವದು ಯುಕ್ತವೆಂದು ತೋರಿದೆ.

ಬೆಳಗಿನ ಬಸ್ಸು ಒಂದು ಚಿಕ್ಕ ಊರೇ ಸರಿ. ಮೊದಲು ಹತ್ತುವವರು ಹಾಲಿನ ಕ್ಯಾನು, ಮೊಸರಿನ ಗಡಿಗೆ ಹೊತ್ತ ತಾಯಂದಿರು. ಅವರ ಹಿಂದೆ ಬುತ್ತಿಯ ಗಂಟು ಹಿಡಿದ ಗೌಂಡಿಗಳು, ಕೂಲಿಕಾರರು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಹೊರಟ ರೋಗಿ, ಅವನ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಎದೆಗವಚಿಕೊಂಡ ಮಗ. ಅಮರಗೋಳದ ಕೃಷಿ ಮಾರುಕಟ್ಟೆಯಲ್ಲಿ ಹೆಸರಿನ ಧಾರಣೆ ಏನಾಗಿದೆಯೆಂದು ತಿಳಿಯಹೊರಟ ಒಕ್ಕಲಿಗ. ಉಳಿದ ಜಾಗವನ್ನೆಲ್ಲ ತುಂಬುವವರು ಕಾಲೇಜು ವಿದ್ಯಾರ್ಥಿಗಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ ಹೆಣ್ಣುಮಕ್ಕಳ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಇದನ್ನು ಗೊಣಗುತ್ತ ಹೇಳುವವರುಂಟು. ಆದರೆ ತವರಿಗೆ ಹೋಗಲು ಗಂಡನ ಕೈಯ ದುಡ್ಡಿಗಾಗಿ ಕಾಯುತ್ತಿದ್ದ ತಾಯಿ ತನ್ನ ಇಚ್ಛೆಯಿಂದ ಬಸ್ಸು ಹತ್ತುವದನ್ನು ಕಂಡು ನಮಗಂತೂ ಸಂತೋಷವೇ ಆಯಿತು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣದವರೆಗೆ ಒಬ್ಬಳೇ ನಡೆದು ಬಂದಳೆಂದು ಹೆಮ್ಮೆಯಿಂದ ಪುರಾಣ ಹೇಳುವ ನಾವು, ನಮ್ಮ ಊರಿನ ಹೆಣ್ಣುಮಗಳು ಹುಬ್ಬಳ್ಳಿಯವರೆಗೆ ಹೋದರೆ ಹುಬ್ಬು ಗಂಟಿಕ್ಕಬಾರದು.

ಇಷ್ಟು ಜನರನ್ನು ಹೊತ್ತ ಬಸ್ಸು ಎರೆಹೊಲಗಳ ನಡುವೆ ಚೆನ್ನಾಗಿಯೇ ಓಡುತ್ತದೆ. ಹುಬ್ಬಳ್ಳಿಯ ಅಂಚನ್ನು ಮುಟ್ಟಿದೊಡನೆ ಅದರ ಉಸಿರು ಕಟ್ಟುತ್ತದೆ. 1962ರಲ್ಲಿ ಹುಬ್ಬಳ್ಳಿ, ಧಾರವಾಡಗಳನ್ನು ಕೂಡಿಸಿ ಒಂದೇ ಮಹಾನಗರಪಾಲಿಕೆಯನ್ನು ರಚಿಸಲಾಯಿತು. 2011ರ ಜನಗಣತಿಯ ಹೊತ್ತಿಗೆ ಈ ಅವಳಿನಗರದ ಜನಸಂಖ್ಯೆ 9 ಲಕ್ಷ 43 ಸಾವಿರವನ್ನು ಮೀರಿತ್ತು. ಪುಣೆ-ಬೆಂಗಳೂರು ಹೆದ್ದಾರಿ, ಕಾರವಾರದ ರಸ್ತೆ, ಗದಗಿನ ರಸ್ತೆ, ವಿಜಯಪುರದ ರಸ್ತೆ ಇವೆಲ್ಲವೂ ಕಿತ್ತೂರು ಚೆನ್ನಮ್ಮನ ವೃತ್ತದ ಆಸುಪಾಸಿನಲ್ಲಿ ಬಂದು ಕೂಡುವವು. ಕಲಘಟಗಿಯವರು ಬರುವದು ಕಾರವಾರದ ರಸ್ತೆಯಿಂದ, ಅಣ್ಣಿಗೇರಿಯವರು ಗದಗಿನ ರಸ್ತೆಯಿಂದ, ನಾವು ವಿಜಯಪುರದ ರಸ್ತೆಯಿಂದ. ಅಣ್ಣಿಗೇರಿ, ಕುಂದಗೋಳಗಳಿಗೆ ರೈಲಾದರೂ ಉಂಟು. ನವಲಗುಂದ, ಕಲಘಟಗಿ ಪಟ್ಟಣಗಳಿಗೆ ಅದೂ ಇಲ್ಲ. ನಾಲ್ಕು ದಿಕ್ಕಿನ ಹಳ್ಳಿಗಳ ಜನ ಒಂದೇ ಗಂಟಲಿನಿಂದ ಇಳಿಯಬೇಕು. ಅಲ್ಲಿ ಮೇಲ್ಸೇತುವೆಯ ಕಾಮಗಾರಿ ಆರಂಭವಾದ ಮೇಲೆ ಇಕ್ಕಟ್ಟು ಮತ್ತಷ್ಟಾಯಿತು. ಮೂವತ್ತೈದು ಕಿಲೋಮೀಟರ ದಾರಿಯನ್ನು ಒಂದು ತಾಸಿನಲ್ಲಿ ಕ್ರಮಿಸಿ ಬಂದ ಬಸ್ಸು ಕೊನೆಯ ಎರಡು ಕಿಲೋಮೀಟರಿಗೆ ಅರ್ಧ ತಾಸು ತೆಗೆದುಕೊಂಡದ್ದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಹುಬ್ಬಳ್ಳಿಯಿಂದ ಮುಂದಿನ ದಾರಿ ಬೇರೊಂದು ಲೋಕ. ಅವಳಿನಗರಗಳ ನಡುವೆ ತ್ವರಿತ ಬಸ್ಸುಗಳಿಗೆಂದೇ ರಸ್ತೆಯ ನಡುವೆ ಪ್ರತ್ಯೇಕ ಪಥವನ್ನು ನಿರ್ಮಿಸಿ, 2018ರ ಅಕ್ಟೋಬರದಲ್ಲಿ ಪ್ರಾಯೋಗಿಕ ಸಂಚಾರವನ್ನು ಆರಂಭಿಸಿ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟಿಸಿದರು. ಇದರ ಉದ್ದ ಸುಮಾರು 22 ಕಿಲೋಮೀಟರ. ಬಸ್ಸುಗಳಿಗೆ ‘ಚಿಗರಿ’ ಎಂದು ಹೆಸರಿಟ್ಟದ್ದು ಸೊಗಸಾಗಿದೆ. ನಮ್ಮ ಎರೆಹೊಲಗಳಲ್ಲಿ ಹಿಂಡುಗಟ್ಟಿ ಓಡಾಡುವ ಪ್ರಾಣಿಯ ಹೆಸರದು. ಟಿಕೀಟನ್ನು ನಿಲ್ದಾಣದಲ್ಲಿಯೇ ಕೊಳ್ಳಬೇಕು. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಎತ್ತರದಲ್ಲಿರುವದರಿಂದ ಮೊಣಕಾಲು ನೋವಿನ ಮುದುಕಿಯೂ ಮೆಟ್ಟಿಲು ಏರದೆ ಒಳಗೆ ಕಾಲಿಡಬಹುದು. ಕಿಮ್ಸ್, ವಿದ್ಯಾನಗರ, ಉಣಕಲ್ ಕೆರೆ, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು ಎಂದು ಒಂದೊಂದೇ ನಿಲ್ದಾಣದ ಹೆಸರು ಕೇಳುತ್ತಿರುವಂತೆ ಧಾರವಾಡದ ಜುಬಿಲಿ ವೃತ್ತ ಬಂದುಬಿಡುತ್ತದೆ.

ಈ ಪದ್ಧತಿ ನಮ್ಮಲ್ಲಿ ಹುಟ್ಟಿದ್ದಲ್ಲ. ದಕ್ಷಿಣ ಅಮೇರಿಕದ ಬ್ರಾಜಿಲ್ ದೇಶದ ಕುರಿತಿಬಾ ಎಂಬ ನಗರದಲ್ಲಿ 1974ರಲ್ಲಿ ಬಸ್ಸಿಗಾಗಿ ಪ್ರತ್ಯೇಕ ಪಥವನ್ನು ಕಾದಿರಿಸಿದರು. ನಮ್ಮ ದೇಶದ ಅಹಮದಾಬಾದಿನಲ್ಲಿ 2009ರಲ್ಲಿ ಅದೇ ಬಗೆಯ ಸಂಚಾರ ಆರಂಭವಾಯಿತು. ಇದರ ಹಿಂದಿನ ತತ್ವ ಅತಿ ಸರಳವಾದದ್ದು. ಒಂದು ಬಸ್ಸು ನಿಲ್ಲುವ ಜಾಗದಲ್ಲಿ ಎರಡು-ಮೂರು ಮೋಟಾರುಗಳು ನಿಲ್ಲುವವು. ಅವುಗಳಲ್ಲಿ ಕುಳಿತವರು ನಾಲ್ಕೈದು ಮಂದಿ. ಬಸ್ಸಿನಲ್ಲಿರುವವರು ಅರವತ್ತು-ಎಪ್ಪತ್ತು ಮಂದಿ. ಹೀಗಿರುವಾಗ ರಸ್ತೆ ಯಾರಿಗೆ ಮೊದಲು ಸಲ್ಲಬೇಕು? ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಸಮನಾಗಿ ನೀಡಬೇಕೆಂಬ ದಾಸೋಹದ ಲೆಕ್ಕವನ್ನು ಬಲ್ಲವರಿಗೆ ಈ ಲೆಕ್ಕ ಕಠಿಣವಾಗಲಾರದು.

ಆದರೆ ದಿನಬಿಟ್ಟು ದಿನ ಈ ಎರಡೂ ದಾರಿಗಳಲ್ಲಿ ಸಂಚರಿಸಿದ ನಮಗೆ ಒಂದು ವಿಚಾರ ಹೊಳೆಯಿತು. ನಗರದೊಳಗಿನ ದಾರಿಗೆ ವೇಗ ಬಂದಿದೆ. ಹಳ್ಳಿಯವನ ದಿನಕ್ಕೆ ಬಂದಿಲ್ಲ. ಚಿಗರಿಯಲ್ಲಿ ಅವನು ಉಳಿಸಿದ ಹತ್ತು ನಿಮಿಷ ಅವನ ಊರಿನ ಬಸ್ಸಿಗಾಗಿ ಕಾಯುವ ಮುಕ್ಕಾಲು ತಾಸಿನಲ್ಲಿ ಕರಗಿಹೋಗುತ್ತದೆ. ಹಳ್ಳಿಯಿಂದ ಪಟ್ಟಣದ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಗೆ ಕಾಯುವದೂ ಸೇರಿ ದಿನಕ್ಕೆ ನಾಲ್ಕು ತಾಸು ತಗಲುವದೆಂದು ಹಿಡಿಯೋಣ. ಪಾಠದ ದಿನಗಳು ವರುಷಕ್ಕೆ ಇನ್ನೂರು ಎಂದರೆ ಎಂಟುನೂರು ತಾಸು. ಮೂರು ವರುಷದ ಪದವಿಗೆ 2,400 ತಾಸು. ಅಂದರೆ ಹಗಲು-ಇರುಳು ಕೂಡಿ ಪೂರ್ತಿ ನೂರು ದಿನ ಅವನು ಬಸ್ಸಿನಲ್ಲಿಯೋ ಬಸ್ಸಿನ ದಾರಿ ಕಾಯುತ್ತಲೋ ಇರುತ್ತಾನೆ. ವರುಷಕ್ಕೆ ಮುನ್ನೂರು ದಿನ ಹೋಗಿ ಬರುವ ಗೌಂಡಿಯ ಲೆಕ್ಕ ಇನ್ನೂ ದೊಡ್ಡದು. ಎಂಟು ತಾಸಿನ ದುಡಿಮೆಯ ದಿನಗಳಿಂದ ಅಳೆದರೆ ಒಂದೇ ವರುಷದಲ್ಲಿ ನೂರೈವತ್ತು ದಿನಗಳ ಕಾಲ ಕೂಲಿಯಿಲ್ಲದೆ ಸವೆದು ಹೋಗುತ್ತದೆ. ಶರಣರು ಕಾಯಕಕ್ಕೆ ಪರಮ ಸ್ಥಾನವನ್ನು ಕೊಟ್ಟರು. ಕಾಯಕವು ನಡೆಯುವದು ಕಾಲದಲ್ಲಿ. ಬಡವನ ಕಾಲವನ್ನು ಬೆಲೆಯಿಲ್ಲದ್ದೆಂದು ಭಾವಿಸುವ ಸಮಾಜವು ಅವನ ಕಾಯಕವನ್ನೂ ಬೆಲೆಯಿಲ್ಲದ್ದೆಂದೇ ಭಾವಿಸಿದಂತಾಯಿತು.

ಹಿಂದಿನ ಕಾಲದಲ್ಲಿ ಹಳ್ಳಿಯ ಹುಡುಗ ದಿನಾಲು ಹೋಗಿ ಬರುತ್ತಿರಲಿಲ್ಲ. ಧಾರವಾಡದ ಮುರುಘಾಮಠದಂಥ ಪ್ರಸಾದನಿಲಯಗಳಲ್ಲಿ ಉಂಡು, ಅಲ್ಲಿಯೇ ಓದಿ, ರಜೆಗೆ ಊರಿಗೆ ಬರುತ್ತಿದ್ದ. ಅನೇಕರು ಆ ಅನ್ನದ ಬಲದಿಂದಲೇ ಅಧ್ಯಾಪಕರಾದರು, ಅಧಿಕಾರಿಗಳಾದರು, ಸಾಹಿತಿಗಳಾದರು. ಇಂದು ರಿಯಾಯತಿಯ ಬಸ್ಸಿನ ಪಾಸು ಪ್ರಸಾದನಿಲಯದ ಸ್ಥಾನವನ್ನು ಬಹುಪಾಲು ಆಕ್ರಮಿಸಿದೆ. ಇದರಿಂದ ಲಾಭವಿಲ್ಲದಿಲ್ಲ. ಮಕ್ಕಳು ರಾತ್ರಿ ತಾಯಿಯ ಕೈಯ ರೊಟ್ಟಿ ಉಣ್ಣುತ್ತಾರೆ. ಹೊಲಮನೆಯ ಕೆಲಸಕ್ಕೂ ಒದಗುತ್ತಾರೆ. ಎಲ್ಲಕ್ಕೂ ಮಿಗಿಲಾಗಿ, ಪರಊರಿನಲ್ಲಿ ಬಿಡಲು ತಂದೆತಾಯಿಗಳು ಒಪ್ಪದ ಹೆಣ್ಣುಮಕ್ಕಳಿಗೆ ಓದಿನ ಬಾಗಿಲು ತೆರೆದದ್ದು ಈ ಪಾಸಿನಿಂದಲೇ. ಕಳೆದುಹೋದದ್ದು ಮಾತ್ರ ಒಂದು. ಸಂಜೆ ನಾಲ್ಕರಿಂದ ಏಳರವರೆಗಿನ ಓದಿನ ಹೊತ್ತು, ಪುಸ್ತಕಾಲಯದ ಹೊತ್ತು, ತಮಗಿಂತ ಬಲ್ಲವರೊಡನೆ ಕುಳಿತು ಮಾತಾಡುವ ಹೊತ್ತು ಬಸ್ಸಿನ ಕಂಬಿ ಹಿಡಿದು ನಿಲ್ಲುವದರಲ್ಲಿ ಕಳೆಯುತ್ತದೆ.

ವಿದ್ಯೆಗಾಗಿ ದಿನದಿನವೂ ಪ್ರಯಾಣ ಮಾಡಿದವರು ಹಿಂದೆಯೂ ಇಲ್ಲದಿಲ್ಲ. ಶ್ರೀಮತಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಲ್ಲಿದ್ದರು. ಅವರ ಗುರುಗಳಾದ ಸವಾಯಿ ಗಂಧರ್ವರು ಕುಂದಗೋಳದಲ್ಲಿದ್ದರು. ಆ ತಾಯಿ ಮನೆಯ ಭಾರವನ್ನೂ ಹೊತ್ತುಕೊಂಡು ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಹೇಳಿಸಿಕೊಂಡು ಹುಬ್ಬಳ್ಳಿಗೆ ಮರಳುತ್ತಿದ್ದರು. ಇದು ವಿದ್ಯಾರ್ಥಿಗಳೆಲ್ಲ ತಿಳಿದಿರತಕ್ಕ ಸಂಗತಿ. ಇದರಲ್ಲಿ ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಅಂದು ಪಟ್ಟಣದವರು ವಿದ್ಯೆಗಾಗಿ ಹಳ್ಳಿಯ ಕಡೆಗೆ ಹೊರಟಿದ್ದರು. ಇಂದು ಹಳ್ಳಿಯ ರೈಲು, ಬಸ್ಸುಗಳೆಲ್ಲ ಬೆಳಗಿನಲ್ಲಿ ಒಂದೇ ದಿಕ್ಕಿಗೆ ತುಂಬಿ ಹೋಗುತ್ತವೆ. ಆಸ್ಪತ್ರೆ, ಕಾಲೇಜು, ಕಚೇರಿ, ಕೂಲಿ ಎಲ್ಲವೂ ಒಂದೇ ಕಡೆ ಸಂಗ್ರಹವಾದರೆ ರಸ್ತೆಯನ್ನು ಎಷ್ಟು ಅಗಲಿಸಿದರೂ ಸಾಲದೆಂಬುದು ಇದರಿಂದ ಸ್ಪಷ್ಟವಾಗುವದು.

ಬಸ್ಸಿನಲ್ಲಿ ಕಂಡ ಒಳ್ಳೆಯದನ್ನೂ ಹೇಳದೆ ಇರಬಾರದು. ನಾವು ಹತ್ತಿದೊಡನೆ ನಾಲ್ಕು ಜನ ಎದ್ದು ನಿಲ್ಲುತ್ತಿದ್ದರು. ಕಾವಿಯ ಮೇಲಿನ ಆ ಗೌರವ ದೊಡ್ಡದು. ಆದರೆ ಕೈಯಲ್ಲಿ ಕೂಸಿದ್ದ ತಾಯಿ ನಿಂತಿರಲು ನಾವು ಕೂಡುವದು ಸಲ್ಲದೆಂದು ಆ ಸ್ಥಳವನ್ನು ಅವಳಿಗೇ ಕೊಡಿಸುತ್ತಿದ್ದೆವು. ಮೊದಮೊದಲು ಜನ ಸಂಕೋಚಪಟ್ಟರು. ತಿಂಗಳೊಪ್ಪತ್ತಿನಲ್ಲಿ ನಮಗಾಗಿ ಏಳುತ್ತಿದ್ದ ಹುಡುಗರೇ ಇಂಥವರನ್ನು ಕಂಡು ತಾವಾಗಿ ಏಳತೊಡಗಿದರು. ಕಂಡಕ್ಟರನ ಕಾಯಕವೂ ಸಾಮಾನ್ಯವಲ್ಲ. ಕಾಲಿಡಲು ತೆರಪಿಲ್ಲದಲ್ಲಿ ಮುಂದಿನಿಂದ ಹಿಂದಿನವರೆಗೆ ಹತ್ತು ಸಲ ನುಸುಳಿ, ಚಿಲ್ಲರೆಯ ಜಗಳವನ್ನು ನಗೆಮಾತಿನಿಂದ ತೀರಿಸಿ, ಕಿವುಡ ಅಜ್ಜನ ನಿಲ್ದಾಣವನ್ನು ನೆನಪಿಟ್ಟು ಇಳಿಸುವ ಒಬ್ಬ ಕಂಡಕ್ಟರನನ್ನು ನಾವು ಹತ್ತು ತಿಂಗಳು ನೋಡಿದೆವು. ಅವನ ಸಹನೆಯನ್ನು ಕಂಡು ನಮ್ಮ ಮಠದ ಪ್ರವಚನದಲ್ಲಿ ಎರಡು ಸಲ ಅವನ ದೃಷ್ಟಾಂತವನ್ನು ಹೇಳಿದೆವು.

ಕಾರ್ತೀಕದ ಸುಮಾರಿನಲ್ಲಿ ಒಂದು ಸಂಜೆ ಊರಿನ ಒಬ್ಬ ಒಕ್ಕಲಿಗರು ಮಠಕ್ಕೆ ಬಂದರು. ಅವರ ಮಗಳು ಹುಬ್ಬಳ್ಳಿಯಲ್ಲಿ ಪದವಿಯ ಮೊದಲನೆಯ ವರುಷ ಓದುತ್ತಿದ್ದಳು. ನಿತ್ಯವೂ ನಮ್ಮದೇ ಬಸ್ಸಿನಲ್ಲಿ ಬರುವವಳು. ಅವಳನ್ನು ಕಾಲೇಜು ಬಿಡಿಸುವ ವಿಚಾರವನ್ನು ಅವರು ಮಾಡಿದ್ದರು. ನಾವು ವಿದ್ಯೆಯ ಮಹತ್ವವನ್ನು ಹೇಳತೊಡಗಲು ಅವರು ಕೈಮುಗಿದು ಹೀಗೆಂದರು: “ಅಪ್ಪಾರ, ಓದು ಬ್ಯಾಡಂತ ನಾ ಅನ್ನೂದಿಲ್ಲರಿ. ಮಳಿಗಾಲದಾಗ ಬೆಣ್ಣಿಹಳ್ಳ ತುಂಬಿ ಬಸ್ಸು ನಿಂತರ, ಆ ರಾತ್ರಿ ಈ ಹುಡುಗಿ ಎಲ್ಲಿರಬೇಕು? ಅಷ್ಟು ಹೇಳ್ರಿ.” ಬೆಣ್ಣಿಹಳ್ಳದ ಪ್ರವಾಹವನ್ನು ಬಲ್ಲವರಿಗೆ ಆ ಮಾತಿನ ಭಾರ ತಿಳಿಯುವದು. ಮೇಲೆ ಎಲ್ಲಿಯೋ ಮಳೆಯಾದರೆ ಸಾಕು, ತಾಸೆರಡು ತಾಸಿನಲ್ಲಿ ಹಳ್ಳ ಉಕ್ಕಿ ರಸ್ತೆಯ ಮೇಲೆ ಹರಿಯುತ್ತದೆ. ಬೆಳಿಗ್ಗೆ ಹೋದವರು ಸಂಜೆಗೆ ಬರಲಾರದಾಗುತ್ತಾರೆ. ಆ ತಂದೆಯ ಪ್ರಶ್ನೆಗೆ ಉಪದೇಶವು ಉತ್ತರವಾಗಲಾರದು. ಅದಕ್ಕೆ ಬೇಕಾದದ್ದು ಒಂದು ಮನೆ, ಒಂದು ದೀಪ, ಒಬ್ಬ ತಾಯಿ.

ಭಕ್ತರೊಬ್ಬರು ಬಹು ವರುಷಗಳ ಹಿಂದೆ ನಮ್ಮ ಮಠಕ್ಕೆ ಹುಬ್ಬಳ್ಳಿಯಲ್ಲಿ ಮೂರು ಅಂಕಣದ ಒಂದು ಹಳೆಯ ಮನೆಯನ್ನು ಸಲ್ಲಿಸಿದ್ದರು. ಅದನ್ನು ಅಂಗಡಿಗೆ ಬಾಡಿಗೆ ಕೊಟ್ಟು, ಬಂದ ಹಣದಿಂದ ಶ್ರಾವಣಮಾಸದ ಪುರಾಣ, ಪ್ರಸಾದಗಳ ವೆಚ್ಚವನ್ನು ನಡೆಸುವ ವ್ಯವಸ್ಥೆಯಿತ್ತು. ಆ ಮನೆಯನ್ನು ವಿದ್ಯಾರ್ಥಿಗಳ ಓದುಮನೆಯನ್ನಾಗಿ ಮಾಡೋಣವೆಂದು ನಾವು ಮಠದ ಕಮಿಟಿಯ ಮುಂದೆ ಹೇಳಿದಾಗ ಹಿರಿಯರಿಗೆ ಸರಿಬರಲಿಲ್ಲ. “ನಡಕೊಂಡು ಬಂದ ದಾಸೋಹ ನಿಲ್ಲಿಸಿ ಓದುಮನಿ ನಡಸೂದು ಹ್ಯಾಂಗರಿ ಬುದ್ಧೀ?” ಎಂದು ಒಬ್ಬರು ಕೇಳಿದರು. ಅವರ ಮಾತಿನಲ್ಲಿ ಭಕ್ತಿಯಿತ್ತು, ಅದನ್ನು ಅಲ್ಲಗಳೆಯುವಂತಿರಲಿಲ್ಲ. ದಾಸೋಹವೆಂದರೆ ತನ್ನಲ್ಲಿರುವದನ್ನು ಸಮಾಜದ್ದೆಂದು ತಿಳಿದು ಸಲ್ಲಿಸುವದು. ಹಸಿದವನಿಗೆ ಅನ್ನ ಹೇಗೋ ಹಾಗೆಯೇ ಹೊತ್ತು ಕಳೆದುಕೊಂಡವನಿಗೆ ಹೊತ್ತನ್ನು, ನೆಲೆಯಿಲ್ಲದವನಿಗೆ ನೆಲೆಯನ್ನು ಕೊಡುವದೂ ದಾಸೋಹವೇ ಎಂದು ನಾವು ವಿವರಿಸಿದೆವು. ಮೂರು ಸಭೆಗಳಾದವು. ಕೊನೆಗೆ ಮುಂದಿನ ಅಂಕಣವು ಅಂಗಡಿಗೇ ಇರಲಿ, ಹಿಂದಿನ ಎರಡು ಅಂಕಣಗಳು ಓದುಮನೆಯಾಗಲಿ, ಶ್ರಾವಣದ ಪ್ರಸಾದಕ್ಕೆ ಕಡಿಮೆ ಬೀಳುವ ಜೋಳ, ಬೇಳೆಗಳನ್ನು ಊರಿನ ಮನೆಮನೆಯಿಂದ ಕೂಡಿಸೋಣ ಎಂದು ನಿರ್ಣಯವಾಯಿತು. ಮೊದಲು ಆಕ್ಷೇಪಿಸಿದ ಹಿರಿಯರೇ ಎರಡು ಚೀಲ ಜೋಳವನ್ನು ಕಳಿಸಿದರು. ನಿವೃತ್ತ ಶಿಕ್ಷಕಿಯಾದ ಒಬ್ಬ ತಾಯಿ ಅಲ್ಲಿಯೇ ವಾಸವಿದ್ದು ಹೆಣ್ಣುಮಕ್ಕಳ ಹೊಣೆಯನ್ನು ಹೊರಲು ಒಪ್ಪಿದರು.

ಈಗ ಅಲ್ಲಿ ಎರಡು ಉದ್ದನೆಯ ಮೇಜುಗಳು, ಒಂದು ಕಪಾಟು ಪುಸ್ತಕಗಳು, ಕುಡಿಯುವ ನೀರು ಇವೆ. ಕಾಲೇಜು ಬಿಟ್ಟ ಮೇಲೆ ಬಸ್ಸಿನ ಹೊತ್ತಿನವರೆಗೆ ಮಕ್ಕಳು ಕುಳಿತು ಓದುತ್ತಾರೆ. ಹಳ್ಳ ಬಂದ ರಾತ್ರಿಗಳಲ್ಲಿ ಹೆಣ್ಣುಮಕ್ಕಳು ಆ ತಾಯಿಯ ಬಳಿ ಉಳಿಯುತ್ತಾರೆ. ತಂದೆತಾಯಿಗಳಿಗೆ ಫೋನು ಹೋಗುತ್ತದೆ. ಬರುವವರು ಹದಿನಾಲ್ಕು ಮಂದಿ; ಜಾತಿಪಂಥಗಳನ್ನು ಕೇಳುವ ಪದ್ಧತಿಯಿಲ್ಲ. ಆ ಒಕ್ಕಲಿಗರ ಮಗಳು ಎರಡನೆಯ ವರುಷದಲ್ಲಿದ್ದಾಳೆ. ಅವಳ ಜೊತೆಗಾತಿಯೊಬ್ಬಳ ಮದುವೆಯನ್ನು ಮನೆಯವರು ಅಷ್ಟರೊಳಗೇ ಗೊತ್ತುಮಾಡಿದ್ದರಿಂದ ಅವಳ ಓದು ನಿಂತಿತು. ಓದುಮನೆ ಆರು ತಿಂಗಳು ಮೊದಲೇ ಇದ್ದಿದ್ದರೆ ಅವಳೂ ಉಳಿಯುತ್ತಿದ್ದಳೋ ಏನೋ, ಹೇಳಲಾಗದು.

ಬಸ್ಸುಗಳನ್ನು ಹೆಚ್ಚಿಸುವದು, ಹಳ್ಳಕ್ಕೆ ಎತ್ತರದ ಸೇತುವೆ ಕಟ್ಟುವದು, ಹಳ್ಳಿಯ ಬಸ್ಸು ಬರುವ ಹೊತ್ತಿಗೂ ಕಾಲೇಜಿನ ಗಂಟೆಗೂ ಹೊಂದಾಣಿಕೆ ತರುವದು, ಇವೆಲ್ಲ ಸರಕಾರದ, ಸಂಸ್ಥೆಗಳ ಕರ್ತವ್ಯ. ಅದಕ್ಕಾಗಿ ಪ್ರತಿಯೊಂದು ಊರಿನವರೂ ತಮ್ಮಲ್ಲಿ ಎಷ್ಟು ವಿದ್ಯಾರ್ಥಿಗಳು, ಎಷ್ಟು ಕೂಲಿಕಾರರು ಯಾವ ಹೊತ್ತಿಗೆ ಹೋಗಿ ಬರುವರೆಂಬ ಪಟ್ಟಿಯನ್ನು ಬರೆದು, ಪಂಚಾಯತಿಯ ಠರಾವಿನೊಡನೆ ಸಲ್ಲಿಸಬೇಕು. ಬರಿಯ ಗೊಣಗಾಟಕ್ಕಿಂತ ಬರೆದ ಪಟ್ಟಿಗೆ ಬಲ ಹೆಚ್ಚು. ನಮ್ಮ ಊರಿನ ಪಟ್ಟಿಯನ್ನು ಆ ವಿದ್ಯಾರ್ಥಿಗಳೇ ಸಿದ್ಧಪಡಿಸುತ್ತಿದ್ದಾರೆ. ಆದರೆ ಅದೆಲ್ಲ ಆಗುವವರೆಗೆ ಇಂದಿನ ಮಕ್ಕಳ ಇಂದಿನ ಸಂಜೆಗಳು ಕಾಯಲಾರವು. ಪಟ್ಟಣಗಳಲ್ಲಿ ಮನೆ, ಮಳಿಗೆಗಳುಳ್ಳ ಮಠಗಳು ಅನೇಕವಿವೆ. ಬಸ್ಸುನಿಲ್ದಾಣದ ಸನಿಹದಲ್ಲಿ ಒಂದು ಕೋಣೆ ತೆರವಿರುವ ಸದ್ಭಕ್ತರೂ ಇದ್ದಾರೆ. ದಿನಕ್ಕೆ ಮೂರು ತಾಸು ಅದರ ಬಾಗಿಲು ತೆರೆದು ಒಂದು ದೀಪ ಹಚ್ಚಿಟ್ಟರೆ ಸಾಕು. ಅಂಥವರು ಯಾರಾದರೂ ಮುಂದೆ ಬಂದರೆ ಮೇಜು, ಪುಸ್ತಕಗಳನ್ನು ಕೂಡಿಸಿಕೊಡಲು ನಮ್ಮ ಮಠವು ತನ್ನ ಶಕ್ತಿಯಿದ್ದಷ್ಟು ನೆರವಾಗುವದು. ಸರ್ವರಿಗೂ ಬಸವಾದಿ ಶರಣರ ಕೃಪೆಯಿರಲಿ.